ಕೋಣದ ಟೈರಿನ ಮೇಲೆ ಮೂರು ಗೀರು

ಕಾದ ರಬ್ಬರಿನ ವಾಸನೆಗೆ ಮೂಗು ಮುಚ್ಚಿಕೊಳ್ಳುವವರ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ. ಅವರಿಗೆ ಅನ್ನ ಕೊಟ್ಟ ವಾಸನೆ ಬೇರೆ ಇರಬಹುದು. ನನಗೆ ಕೊಟ್ಟದ್ದು ಇದು. ಹಿರಿಯೂರಿನ ಹೈವೇ ಪಕ್ಕದ ಶೆಡ್ಡಿನಲ್ಲಿ ಏಳನೇ ಕ್ಲಾಸಿನ ಬ್ಯಾಗು ಇಳಿಸಿದ ದಿನ ಮೂಗಿಗೆ ಹತ್ತಿದ್ದು, ಮಿಷಿಗನ್‌ನಲ್ಲಿ ರಿಟೈರ್ ಆಗುವವರೆಗೂ ಅಂಗಿಯಿಂದ ಬಿಟ್ಟಿರಲಿಲ್ಲ. ಬಿಟ್ಟು ಆರು ವರ್ಷವಾಗಿತ್ತು. ಕಳೆದ ಏಪ್ರಿಲ್‌ನಲ್ಲಿ ಪ್ರಸನ್ನನ ಹಿತ್ತಲಲ್ಲಿ ಮತ್ತೆ ಸಿಕ್ಕಿತು.

ಪ್ರಸನ್ನ ಆಬರ್ನ್ ಹಿಲ್ಸ್‌ನಲ್ಲಿ ಕಾರಿನ ಇಂಜಿನಿಯರು, ಮೈಸೂರಿನವನು, ಒಳ್ಳೆಯ ಹುಡುಗ. ಪ್ಲಿಮತ್‌ನಿಂದ ಪಶ್ಚಿಮಕ್ಕೆ ಹೊಸ ಬಡಾವಣೆಯಲ್ಲಿ ಮನೆ ತೆಗೆದುಕೊಂಡಿದ್ದ. ಒಂದು ಶನಿವಾರ ಬೆಳಗ್ಗೆ ಫೋನ್ ಮಾಡಿದ.

"ಅಂಕಲ್, ಮೆಂತ್ಯ ಹಾಕೋಣ ಅಂತ ಹಿತ್ತಲು ಅಗೀತಿದ್ವಿ. ಒಂದು ಟೈರ್ ಸಿಕ್ಕಿದೆ. ಬಾವಿ ಕಟ್ಟೆ ಇದ್ದಂಗಿದೆ ಅಂಕಲ್. ಲೇಔಟ್ ಅಸೋಸಿಯೇಷನ್‌ನೋರು ಆಗ್ಲೇ ಲೆಟರ್ ಹಾಕಿದಾರೆ, ತಿಂಗಳೊಳಗೆ ತೆಗೀಬೇಕಂತೆ. ನೀವು ಬಂದು ಕಟ್ ಮಾಡಿ ಕೊಡ್ತೀರಾ?"

ನಮ್ಮ ಕ್ಯಾಂಟನ್, ಪ್ಲಿಮತ್ ಕಡೆಯ ಕನ್ನಡದವರಲ್ಲಿ ಕಾರಿನ ಚಿತ್ರ ಬರೆಯಬಲ್ಲವರು ನೂರು ಜನ ಇದ್ದಾರೆ. ಅದೇ ಕಾರು ಐ-275 ಹೈವೇ ಪಕ್ಕದಲ್ಲಿ ಪಂಕ್ಚರ್ ಆಗಿ ನಿಂತರೆ ಫೋನ್ ಬರುವುದು ನನಗೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ, ನೀವು ಹಾಗೇ ಕೇಳಿಸಿಕೊಳ್ಳಿ. ಹಳೆಯ ಕೊಯ್ಯುವ ಕತ್ತಿಯನ್ನು ಡಬ್ಬಿಯಿಂದ ತೆಗೆದೆ. ಕರೆಂಟಿನಲ್ಲಿ ಕಾಯುವ, ಬಾಗಿದ ಅಲಗಿನ ಕತ್ತಿ ಅದು. ಹೆಂಡತಿ ಸರೋಜ, ಎಪ್ಪತ್ತು ವರ್ಷಕ್ಕೆ ಇದೊಂದು ಬಾಕಿ ಇತ್ತು ಎಂದಳು. ಹೊರಟೆ.

ಹೋಗಿ ನೋಡಿದರೆ ಮಣ್ಣಿನಿಂದ ಅರ್ಧ ಎದ್ದು ಮಲಗಿದೆ. ಎತ್ತಿ ನಿಲ್ಲಿಸಿದರೆ ಐದೂವರೆ ಅಡಿ, ನನ್ನ ತಲೆಯ ಸಮ. ಕತ್ತಿ ಕಾಯಿಸಿ ಅಂಚಿಗೆ ಒಂದು ಸಲ ಇಟ್ಟೆ. ಹೊಗೆ ಎದ್ದಿತು, ಆ ವಾಸನೆ ಬಂತು. ಇನ್ನೊಂದು ಕಡೆ ಹಿಡಿಯೋಣ ಎಂದು ಮಣ್ಣು ಕೆರೆದೆ. ಟೈರಿನ ದಪ್ಪ ಹಲ್ಲೊಂದರ ಬುಡದಲ್ಲಿ ಒಂದು ಗುಳಿ ಕಂಡಿತು. ಚಮಚದಲ್ಲಿ ತೋಡಿದಂಥ ಗುಳಿ. ಅದರೊಳಗೆ ಮೂರು ಗೀರು.

ನಾನು ಕತ್ತಿಯ ಪ್ಲಗ್ ಕಿತ್ತು ಹುಲ್ಲಿನ ಮೇಲೆ ಕೂತುಬಿಟ್ಟೆ. ಪ್ರಸನ್ನ ಬಿಪಿ ಏನಾದರೂ ಆಯಿತೇನೋ ಎಂದು ನೀರು ತರಲು ಓಡಿದ. ಅವನು ಬರುವಷ್ಟರಲ್ಲಿ ನಿಮಗೆ ಸ್ವಲ್ಪ ಹಿಂದಿನದನ್ನು ಹೇಳಿಬಿಡುತ್ತೇನೆ.

ಸವೆದು ನುಣ್ಣಗಾದ ಲಾರಿ ಟೈರಿಗೆ ಬಿಸಿ ಕತ್ತಿಯಲ್ಲಿ ಹೊಸದಾಗಿ ಕಾಲುವೆ ಕೊಯ್ಯುವ ಕಸುಬು ನಮ್ಮ ಹೈವೇ ಊರುಗಳಲ್ಲಿ ಇತ್ತು. ನನಗೆ ಕಲಿಸಿದವರು ಉಸ್ತಾದ್ ಇಮಾಮ್ ಸಾಬರು. ಅವರ ಶೆಡ್ಡಿನಲ್ಲಿ ಎರಡೇ ಕಾನೂನು. ಟೈರು ಮಲಗಿಸುವಾಗ ನಂಬರ್ ಒತ್ತಿರುವ ಮುಖ ಮೇಲಕ್ಕಿರಬೇಕು. ಕೊಯ್ದು ಮುಗಿಸಿದ ಮೇಲೆ ಆ ಮುಖದ ಕಡೆ, ಕೊಯ್ದವನು ತನ್ನ ಗುರುತು ಹಾಕಬೇಕು. ಅವರದು ಅರ್ಧಚಂದ್ರ, ನನ್ನದು ಮೂರು ಗೀರು. ಒಳ್ಳೆಯ ಕೆಲಸಕ್ಕೆ ಹೆಸರು ಬರಲಿ ಅಂತ ಗುರುತು ಹಾಕೋದು ಎಂದುಕೊಂಡಿದ್ದೆ. ಅವರು ತಿದ್ದಿದರು.

"ಹೆಸರಿಗಲ್ಲ ಕಣೋ. ಟೈರ್ ಒಡೆದು ಡ್ರೈವರ್ ಬೈಕೊಂಡು ಬಂದ್ರೆ ಯಾರಿಗೆ ಬೈಬೇಕು ಅಂತ ಅವನಿಗೆ ಗೊತ್ತಿರಬೇಕು. ಅಷ್ಟಕ್ಕೆ."

ಅಲ್ಲಿಂದ ಡೆಟ್ರಾಯ್ಟ್‌ಗೆ ಹೇಗೆ ಬಂದೆ ಎನ್ನುವುದು ದೊಡ್ಡ ಕಥೆಯೇನಲ್ಲ. ಅಕ್ಕನ ಗಂಡ, ನಮ್ಮ ಭಾವ, ಇಲ್ಲಿ ಕಾರಿನ ಕಂಪನಿಯಲ್ಲಿ ಇಂಜಿನಿಯರಾಗಿದ್ದರು. ಅಕ್ಕ ಕರೆಸಿಕೊಂಡಳು. ಇಪ್ಪತ್ತೆಂಟನೇ ವಯಸ್ಸಿಗೆ ಏರ್‌ಪೋರ್ಟ್ ಹತ್ತಿರದ ಒಂದು ಲಾರಿ ಟೈರಿನ ಅಂಗಡಿಯಲ್ಲಿ ಕೆಲಸಕ್ಕೆ ನಿಂತೆ. ಕಷ್ಟವಾದದ್ದು ಕೆಲಸವಲ್ಲ, ಭಾನುವಾರದ ಊಟಗಳು. ಯಾರೋ ಒಬ್ಬರು ತಟ್ಟೆ ಹಿಡಿದು ಪಕ್ಕಕ್ಕೆ ಬಂದು ಏನು ಮಾಡ್ಕೊಂಡಿದೀರಿ ಅನ್ನುವರು. ಟೈರಿನ ಕೆಲಸ ಅನ್ನುವೆ. ಓ, ಟೈರ್ ಡಿಸೈನಾ ಅನ್ನುವರು. ಆಗ ಭಾವ ಈ ಸಲ ಚಳಿ ಜಾಸ್ತಿ ಅಲ್ವಾ ಎಂದು ಮಾತು ತಿರುಗಿಸುವರು. ನನ್ನನ್ನು ಕಾಪಾಡಲೆಂದೇ ತಿರುಗಿಸುತ್ತಿದ್ದರು. ಆದರೆ ಕಾಪಾಡುವಂಥದ್ದು ಏನಿದೆ ಎಂದು ನನಗೆ ಮೈ ಉರಿಯುತ್ತಿತ್ತು.

ಹ್ಯಾಂಕ್ ನಮ್ಮ ಅಂಗಡಿಗೆ ಬಂದದ್ದು ಆ ದಿನಗಳಲ್ಲಿ. ಎತ್ತರದ, ಗಡ್ಡದ, ನಿಧಾನದ ಮನುಷ್ಯ. ಅವನ ಗಾಡಿಯ ಹಿಂದೆ ಟ್ರೇಲರ್ ಮೇಲೆ ಹೊಲಕ್ಕೆ ಗೊಬ್ಬರ ಹರಡುವ ಯಂತ್ರದ ಟೈರು. ಹಲ್ಲು ಕೊಯ್ದು ಹಗುರ ಮಾಡಿಕೊಡುವವರು ಯಾರಾದರೂ ಇದ್ದಾರಾ ಎಂದು ಕೇಳಿದ. ಅಂಗಡಿಯವರೆಲ್ಲ ನಕ್ಕರು. ನಾನು ಗುಜರಿ ಟೈರೊಂದನ್ನು ಎಳೆದುಕೊಂಡು ಒಂದು ಹಲ್ಲು ಕೊಯ್ದು ತೋರಿಸಿದೆ. ಹ್ಯಾಂಕ್ ಕೊಯ್ದ ಜಾಗದ ಮೇಲೆ ಹೆಬ್ಬೆರಳು ಎಳೆದ. ಹೋಗಿ ಟ್ರೇಲರನ್ನು ರಿವರ್ಸಿನಲ್ಲಿ ಅಂಗಡಿಯೊಳಗೇ ತಂದ. ಅವನ ಮೆಚ್ಚುಗೆ ಹಾಗೇ ಇರುತ್ತಿತ್ತು.

ಹ್ಯಾಂಕನಿಗೆ ಆ ಟೈರು ಬೇಕಾಗಿದ್ದದ್ದು ಮಾನ್ಸ್‌ಟರ್ ಟ್ರಕ್ಕಿಗೆ, ಆಳೆತ್ತರದ ಚಕ್ರ ಹಾಕಿ ಸ್ಟೇಡಿಯಂಗಳಲ್ಲಿ ಆಡಿಸುವ ಟ್ರಕ್ಕಿಗೆ. ಈಗಿನ ಮಾನ್ಸ್‌ಟರ್ ಟ್ರಕ್ಕು ನೋಡಿದವರಿಗೆ ಆಗಿನದನ್ನು ಹೇಳಿದರೆ ನಂಬುವುದಿಲ್ಲ. ಈಗಿನವು ಗಾಳಿಯಲ್ಲಿ ಲಾಗ ಹಾಕುತ್ತವೆ. ಪೈಪಿನ ಅಸ್ಥಿಪಂಜರ, ಮೇಲೆ ಸಿಪ್ಪೆಯಂಥ ಮೈ, ನಡುಮಧ್ಯೆ ಡ್ರೈವರು. ಆಗಿನವು ನಿಜವಾದ ಪಿಕಪ್ ಟ್ರಕ್ಕುಗಳು ಸ್ವಾಮಿ. ಹ್ಯಾಂಕನ ಟ್ರಕ್ಕಿನಲ್ಲಿ ಅವನ ಹೆಂಡತಿ ಎರಡು ವರ್ಷ ತರಕಾರಿ ತಂದಿದ್ದಳು. ಅದರ ಕೆಳಗೆ ಮಿಲಿಟರಿ ಲಾರಿಯ ಆಕ್ಸಲ್, ಅಟ್ಟಿ ಅಟ್ಟಿ ಕಬ್ಬಿಣದ ಸ್ಪ್ರಿಂಗ್ ಪಟ್ಟಿ, ಅದರ ಕೆಳಗೆ ಈ ನಾಲ್ಕು ಟೈರು. ಮೊದಮೊದಲು ಮಾಡುತ್ತಿದ್ದದ್ದು ಇಷ್ಟೇ: ಹಳೆಯ ಕಾರುಗಳ ಸಾಲಿನ ಮೇಲೆ ನಿಧಾನಕ್ಕೆ ಹತ್ತಿ, ಅವನ್ನು ಹಪ್ಪಳ ಮಾಡಿ ಇಳಿಯುವುದು. ಕಾರು ಮಾಡುವ ಊರಿನ ಜನ, ವಾರವಿಡೀ ಕಾರು ಜೋಡಿಸಿದ ಜನ, ಕಾರು ಅಪ್ಪಚ್ಚಿಯಾಗುವುದನ್ನು ನೋಡಿ ಎದ್ದು ನಿಲ್ಲುತ್ತಿದ್ದರು. ಆಮೇಲೆ ಯಾರಿಗೋ ಎರಡನ್ನು ಅಕ್ಕಪಕ್ಕ ನಿಲ್ಲಿಸಿ ಓಡಿಸೋಣ ಅನ್ನಿಸಿತು. ಅಲ್ಲಿಂದ ಭಾರ ಎನ್ನುವುದು ಶತ್ರುವಾಯಿತು.

ಹ್ಯಾಂಕನ ಟ್ರಕ್ಕು ಕಪ್ಪು. ಬಾಗಿಲ ಮೇಲೆ ಏನೋ ಭಯಂಕರ ಹೆಸರು ಬರೆಸಿದ್ದ. ನನಗೆ ಅದು ಕೋಣ. ಯಮನ ವಾಹನ ಎಂದು ವಿವರಿಸಿದ ಮೇಲೆ ಅವನೂ ಕೋಣ ಎನ್ನಲು ಶುರುಮಾಡಿದ, ಣಕಾರ ಮಾತ್ರ ಕೊನೆಯವರೆಗೂ ಬರಲಿಲ್ಲ. ಕಾರಿನ ಸಾಲು ಹಾರಿ ಕೋಣ ನೆಲಕ್ಕೆ ಬಿದ್ದಾಗ ಆ ಪಟ್ಟಿಗಳು ಏನನ್ನೂ ತಡೆಯುತ್ತಿರಲಿಲ್ಲ, ಎಲ್ಲ ಹ್ಯಾಂಕನ ಬೆನ್ನಿಗೆ. ಇಳಿದು ಸೊಂಟ ಹಿಡಿದು ಎರಡು ನಿಮಿಷ ನಿಂತಿರುವನು. ಆಮೇಲೆ ಮೊದಲು ಕೇಳುವುದು, ಟ್ರಕ್ಕಿಗೆ ಏನಾಯ್ತು ನೋಡು ಅಂತ. ಆಕ್ಸಲ್ ಮುರಿದರೆ ಮೂರು ದಿನ ತನ್ನ ಹೊಲದ ಕೊಟ್ಟಿಗೆಯಲ್ಲಿ ಟ್ರಕ್ಕಿನ ಕೆಳಗೆ ಮಲಗಿ ಅವನೇ ಜೋಡಿಸುವನು. ಅವನೂ ಹೈಸ್ಕೂಲು ಮುಗಿಸಿದವನಲ್ಲ. ನಾವಿಬ್ಬರೂ ಆ ವಿಷಯ ಒಂದೇ ಒಂದು ಸಲ ಮಾತಾಡಿದ್ದು, ಅದೂ ಅರ್ಧ ವಾಕ್ಯ.

ಒಂದು ವರ್ಷ ಅವನ ಟೈರುಗಳನ್ನೆಲ್ಲ ನಾನೇ ಕೊಯ್ದೆ. ಟ್ರಕ್ಕು ಹತ್ತುವ ಮುಂಚೆ ಹ್ಯಾಂಕ್ ಸುತ್ತ ಒಂದು ಪ್ರದಕ್ಷಿಣೆ ಬಂದು, ನಾಲ್ಕು ಟೈರಿನ ಮೇಲೂ ನನ್ನ ಮೂರು ಗೀರು ಮುಟ್ಟುವನು. ಬಲಗಡೆಯ ಎರಡರಲ್ಲಿ ಗೀರು ಹೊರಮುಖಕ್ಕಿತ್ತು, ಎಡಗಡೆಯ ಎರಡಕ್ಕೆ ಒಳಗೆ ಕೈ ತೂರಿಸಬೇಕಿತ್ತು. ಯಾಕೆಂದರೆ ಈ ಟೈರಿನ ಹಲ್ಲು ಬಾಣದ ಹಾಗೆ, ಉರುಳುವಾಗ ಮೊನೆ ಮುಂದಕ್ಕೇ ಇರಬೇಕು. ಹಾಗಾಗಿ ಎಡಗಡೆಗೆ ಹಾಕುವಾಗ ಟೈರು ತಿರುವಿ ಹಾಕುತ್ತೇವೆ, ನಂಬರಿನ ಮುಖ ಒಳಗೆ ಹೋಗುತ್ತದೆ. ಇದು ನನಗೆ ವರ್ಷದಿಂದ ಗೊತ್ತಿತ್ತು. ಈ ಮಾತು ನೆನಪಿಡಿ, ನನ್ನ ಮಾನ ಹೋಗುವುದು ಇಲ್ಲೇ.

ಪಾಂಟಿಯಾಕ್‌ನ ಗುಮ್ಮಟದ ಸ್ಟೇಡಿಯಂನಲ್ಲಿ ಶನಿವಾರ ಮಧ್ಯಾಹ್ನ ದೊಡ್ಡ ರೇಸು ಎಂದಾಯಿತು. ಅವತ್ತಿಗೆ ಹ್ಯಾಂಕ್ ಹೊಸ ನಾಲ್ಕು ಟೈರು ತಂದ. ಅದುವರೆಗೆ ಹಲ್ಲಿನ ಎರಡೂ ಕಡೆ ಸಮನಾಗಿ ಕೊಯ್ಯುತ್ತಿದ್ದೆ. ಈ ಸಲ ಅವನು ಯೋಚಿಸಿ ಬಂದಿದ್ದ: ಹೊರಗಿನ ಅರ್ಧ ಮಾತ್ರ ತೆಳು ಮಾಡು, ಒಳಗಿನ ಅರ್ಧ ಹಾಗೇ ಬಿಡು. ಸರಿ ಎಂದೆ. ನಾನು ಭಾವನಿಗೂ ಅವರ ಆಫೀಸಿನ ಮೂವರು ಸ್ನೇಹಿತರಿಗೂ ಟಿಕೆಟ್ ಕೊಟ್ಟು, ಬಂದು ನನ್ನ ಕೆಲಸ ನೋಡಿ ಎಂದಿದ್ದೆ. ಅಷ್ಟು ದಿನದ ಭಾನುವಾರದ ಊಟಗಳಿಗೆಲ್ಲ ಅದು ನನ್ನ ಉತ್ತರ.

ನಾಲ್ಕು ಸಂಜೆ ಕೂತು ಕೊಯ್ದೆ. ಒಂದೊಂದನ್ನೂ ಉಸ್ತಾದರ ಕಾನೂನಿನಂತೆ ನಂಬರ್ ಮೇಲೆ ಮಾಡಿ ಮಲಗಿಸಿ, ಮೇಲೆ ಕಂಡ ಅರ್ಧವನ್ನು ಕೊಯ್ದೆ. ಜೀವಮಾನದಲ್ಲಿ ಅಷ್ಟು ಚೆಂದ ಕೊಯ್ದಿರಲಿಲ್ಲ. ಹಿರಿಯೂರಿನ ಲಾರಿ ಟೈರಿಗೆ ಎಡ ಬಲ ಇರಲಿಲ್ಲ ನೋಡಿ, ಯಾವ ಚಕ್ರಕ್ಕೆ ಹಾಕಿದರೂ ಒಂದೇ. ಕೈ ಅಲ್ಲಿಯದೇ ಕೆಲಸ ಮಾಡಿತು.

ಶನಿವಾರ ಬೆಳಗ್ಗೆ ಹ್ಯಾಂಕನ ಕೊಟ್ಟಿಗೆಯಲ್ಲಿ ಟೈರು ಏರಿಸಿದೆವು. ಬೆಲ್ಟು ಹುಡುಕಲು ಅವನು ಮನೆಯೊಳಗೆ ಹೋದ. ನಾನು ಟ್ರಕ್ಕಿನ ಹಿಂದೆ ನಿಂತು ನೋಡಿದೆ. ಬಲಗಡೆಯ ಎರಡೂ ಹೊರಗೆ ತೆಳು. ಎಡಗಡೆಯ ಎರಡೂ ಒಳಗೆ ತೆಳು. ಎರಡು ಜೊತೆ ಚಪ್ಪಲಿ ಹೊಲಿಯಲು ಹೇಳಿದರೆ ನಾಲ್ಕನ್ನೂ ಬಲಗಾಲಿಗೇ ಹೊಲಿದಿಟ್ಟಿದ್ದೆ. ಎರಡು ಕಡೆಯ ಹಿಡಿತ ಬೇರೆ ಬೇರೆ, ಕೋಣ ವೇಗ ಹಿಡಿದರೆ ಎಡಕ್ಕೆ ಎಳೆಯುತ್ತದೆ. ಬೇರೆ ಟೈರು ಇರಲಿಲ್ಲ, ಹಳೆಯವನ್ನು ಅವನು ಕೊಟ್ಟುಬಿಟ್ಟಿದ್ದ.

ಆಗ ನಾನು ಮಾಡಿದ್ದನ್ನು ಸರೋಜಳಿಗೂ ಹೇಳಿರಲಿಲ್ಲ. ಕತ್ತಿ ಕಾಯಿಸಿದೆ. ಎಡಗಡೆಯ ಎರಡು ಟೈರಿನ ಒಳಕ್ಕೆ ಕೈ ತೂರಿಸಿ ನನ್ನ ಮೂರು ಗೀರುಗಳನ್ನು ತೋಡಿ ತೆಗೆದುಹಾಕಿದೆ. ಅದರಿಂದ ಯಾರಿಗೆ ಏನು ಮುಚ್ಚುತ್ತಿತ್ತು ಹೇಳಿ. ಕೊಯ್ದವನು ನಾನೊಬ್ಬನೇ. ಆದರೂ ತೋಡಿದೆ.

ಹ್ಯಾಂಕ್ ಬಂದ. ಪ್ರದಕ್ಷಿಣೆ ಶುರುಮಾಡಿದ. ಬಲಗಡೆ ಮುಟ್ಟಿದ. ಎಡಗಡೆ ಒಳಗೆ ಹೋದ ಕೈ ಅಲ್ಲೇ ನಿಂತಿತು. ಅವನು ಆಡಿದ್ದು ಇಂಗ್ಲಿಷೇ. ಆದರೆ ಇಷ್ಟು ವರ್ಷ ನನ್ನೊಳಗೇ ಇದ್ದು ಅವನ ಮಾತೆಲ್ಲ ನಮ್ಮೂರಿನ ಮಾತಾಗಿಬಿಟ್ಟಿದೆ, ಹಾಗೇ ಬರೆಯುತ್ತೇನೆ.

"ಗೀರು ಎಲ್ಲಿ?"

ನಾನು ಹೇಳಿದೆ. ಮೊದಲು ತೋಡಿದ್ದು, ಆಮೇಲೆ ತಪ್ಪಿದ್ದು, ಉಲ್ಟಾ ಕ್ರಮದಲ್ಲಿ ಹೇಳಿದೆ. ಅವನು ಟ್ರಕ್ಕಿನ ಹಿಂದೆ ಹೋಗಿ ಬಗ್ಗಿ ನೋಡಿದ. ನೆಟ್ಟಗಾಗಲು ಅವನ ಬೆನ್ನಿಗೆ ಹೊತ್ತು ಬೇಕಿತ್ತು, ಆ ಹೊತ್ತು ನನಗೆ ಒಂದು ವರ್ಷದ ಹಾಗಿತ್ತು.

"ಯಾವ ಕಡೆ ಎಳೆಯತ್ತೆ?"

"ಎಡಕ್ಕೆ."

"ಗೊತ್ತಾಯ್ತಲ್ಲ, ಸಾಕು. ಗೀರು ಮತ್ತೆ ಹಾಕು. ಹೆಸರಿಲ್ಲದ ಟೈರ್ ಮೇಲೆ ನಾನು ಕೂರಲ್ಲ."

ಎಲ್ಲಿ ಹಾಕಲಿ ಎಂದೆ, ಜಾಗ ತೋಡಿಬಿಟ್ಟಿದ್ದೇನಲ್ಲ. ಆ ಗುಳಿಯೊಳಗೇ ಹಾಕು ಎಂದ. ಹಾಕಿದೆ. ಆ ಇಕ್ಕಟ್ಟಿನಲ್ಲಿ ಮಧ್ಯದ ಗೀರು ಸ್ವಲ್ಪ ಸೊಟ್ಟಗಾಯಿತು.

ಸ್ಟೇಡಿಯಂನ ಒಳಗೆ ಎರಡು ದಾರಿ ಮಾಡಿದ್ದರು. ಎಡದ ದಾರಿಯ ಎಡಕ್ಕೆ ಕಾಂಕ್ರೀಟ್ ಗೋಡೆ. ಬಲದ ದಾರಿಯ ಎಡಕ್ಕೆ ಮೈದಾನದ ನಡುವಿನ ಖಾಲಿ ಮಣ್ಣು. ನಾಣ್ಯ ಚಿಮ್ಮಿ ಗೆದ್ದವನು ದಾರಿ ಆರಿಸುತ್ತಾನೆ. ಮೊದಲ ಸುತ್ತಿನಲ್ಲಿ ನಾಣ್ಯ ಹ್ಯಾಂಕನದಾಯಿತು. ಬಲದ ದಾರಿ ತೆಗೆದುಕೊಂಡ. ಕೋಣ ಎಡಕ್ಕೆ ಎಳೆದುಕೊಂಡೇ ಹೋಯಿತು, ಖಾಲಿ ಮಣ್ಣಿನ ಕಡೆ ಅರ್ಧ ಸರಿದು ಕಾರುಗಳ ಸಾಲಿನ ತುದಿ ಹತ್ತಿ ಇಳಿದು ಗೆದ್ದಿತು. ಮೇಲಿನ ಸೀಟಿನಿಂದ ಭಾವ ಕೈ ಬೀಸಿದರು. ಭಾವ ಕೈ ಬೀಸುವವರಲ್ಲ.

ಎರಡನೇ ಸುತ್ತು ಕೊನೆಯದು. ನಾಣ್ಯ ಎದುರಾಳಿಗೆ ಹೋಯಿತು. ಹ್ಯಾಂಕನಿಗೆ ಗೋಡೆಯ ದಾರಿ. ನಾನು ಅವನ ಕಿಟಕಿಯ ಕೆಳಗೆ ಹೋಗಿ ಬೇಡ ಬಿಡು ಎಂದು ಕೈಯಲ್ಲೇ ಹೇಳಿದೆ. ಅವನು ಬೆಲ್ಟು ಬಿಗಿದುಕೊಂಡ. ಆ ಟ್ರಕ್ಕುಗಳಲ್ಲಿ ಮುಂದಿನ ಚಕ್ರಕ್ಕೆ ಸ್ಟೀರಿಂಗು, ಹಿಂದಿನ ಚಕ್ರ ತಿರುಗಿಸಲು ಬೇರೆ ಒಂದು ಪುಟ್ಟ ಸ್ವಿಚ್ಚು. ಹಸಿರು ದೀಪ ಬಂದ ಕೂಡಲೇ ನಾಲ್ಕೂ ಚಕ್ರ ಬಲಕ್ಕೆ ತಿರುಗಿಸಿ ಹಿಡಿದ. ಚಕ್ರ ಬಲಕ್ಕೆ ನೋಡುತ್ತಿವೆ, ಕೋಣ ಎಡಕ್ಕೆ ಹೋಗುತ್ತಿದೆ, ಒಟ್ಟಿನಲ್ಲಿ ಏಡಿಯ ಹಾಗೆ ಅಡ್ಡಡ್ಡ ಸರಿಯುತ್ತಲೇ ಮುಂದಕ್ಕೆ ಓಡುತ್ತಿದೆ. ಕಾರಿನ ಸಾಲು ಹಾರಿ ಇಳಿದಾಗ ಗೋಡೆಗೂ ಟೈರಿಗೂ ನಡುವೆ ಒಂದು ಗೇಣು ಇತ್ತೋ ಇಲ್ಲವೋ. ನಾನು ಕಣ್ಣು ಮುಚ್ಚಲಿಲ್ಲ. ಮುಚ್ಚುವ ಹಕ್ಕಿರಲಿಲ್ಲ. ಅರ್ಧ ಟ್ರಕ್ಕಿನಷ್ಟು ದೂರದಲ್ಲಿ ಸೋತ. ಎಷ್ಟೋ ಗೆಲುವು ನೋಡಿದ್ದೇನೆ, ಅಂಥ ಓಟ ಮತ್ತೆ ನೋಡಲಿಲ್ಲ.

ಮೈಕು ಹಿಡಿದವನು ಓಡಿ ಬಂದು, ಯಾಕೆ ಅಷ್ಟು ಎಡಕ್ಕೆ ಹೋದೆ ಎಂದು ಕೇಳಿದ. ಹ್ಯಾಂಕ್ ಸೊಂಟ ಹಿಡಿದುಕೊಂಡು ಹೇಳಿದ: "ಕೈ ತಪ್ಪಿತು. ಸ್ವಿಚ್ ಜಾಸ್ತಿ ಒತ್ತಿದೆ." ಇಡೀ ಸ್ಟೇಡಿಯಂಗೆ ಕೇಳಿಸಿತು. ಪಕ್ಕದ ಡ್ರೈವರ್‌ಗಳು ನಕ್ಕರು. ನಾನು ನಾಲ್ಕು ಅಡಿ ದೂರದಲ್ಲಿದ್ದೆ.

ಅಷ್ಟರಲ್ಲಿ ಭಾವ ಸ್ನೇಹಿತರನ್ನು ಕರೆದುಕೊಂಡು ಕೆಳಗೆ ಬಂದರು. ಟೈರಿಗೆ ಏನಾದರೂ ಆಯಿತಾ ಎಂದು ಕೇಳಿದರು. ಅವರ ಹಿಂದೆ ಆ ಮೂವರು ನಿಂತಿದ್ದರು.

"ಟೈರ್‌ಗೆ ಏನೂ ಆಗಿಲ್ಲ ಭಾವ," ಎಂದೆ. "ಡ್ರೈವರ್ ಕೈ ತಪ್ಪಿದ."

ಹ್ಯಾಂಕನಿಗೆ ಕನ್ನಡ ಬರುತ್ತಿರಲಿಲ್ಲ. ಅದೊಂದು ಸಮಾಧಾನವೇ ಎಂದು ನೀವು ಕೇಳಿದರೆ, ಅಲ್ಲ.

ಮುಂದಿನ ವಾರ ಅವನು ಎರಡು ಹೊಸ ಟೈರು ತಂದು ಇಳಿಸಿ, ಈ ಸಲ ಎಡಗಾಲಿಂದು ಹೊಲಿ ಎಂದ. ಚಪ್ಪಲಿಯ ಹೋಲಿಕೆ ನಾನೇ ಹೇಳಿದ್ದೆ. ಅಷ್ಟೇ ಅವನು ಆ ವಿಷಯ ಎತ್ತಿದ್ದು. ಇನ್ನೂ ಮೂರು ವರ್ಷ ಅವನಿಗೆ ಕೊಯ್ದೆ. ಆಮೇಲೆ ಹಗುರದ ಹೊಸ ಟ್ರಕ್ಕುಗಳು ಬಂದವು. ಕೋಣ ಹಿಂದೆ ಬಿತ್ತು, ಹ್ಯಾಂಕನ ಬೆನ್ನು ಅದಕ್ಕಿಂತ ಮುಂಚೆ ಬಿದ್ದಿತ್ತು. ಹೊಲ ಮಾರಿ ಮಗಳ ಊರಿಗೆ ಹೋದ. ಅವನು ತೀರಿಕೊಂಡದ್ದು ನನಗೆ ಒಂದು ವರ್ಷ ತಡವಾಗಿ ತಿಳಿಯಿತು. ನಾನು ಮಾತ್ರ ನಲವತ್ತು ವರ್ಷ ಆ ರೇಸಿನ ಕಥೆಯನ್ನು ಯುಗಾದಿ ಊಟದಲ್ಲಿ, ಪಿಕ್ನಿಕ್ಕಿನಲ್ಲಿ ಹೇಳುತ್ತಾ ಬಂದೆ. ಚೆನ್ನಾಗಿ ಹೇಳುತ್ತಿದ್ದೆ. ಪ್ರತಿ ಸಲವೂ ಕೊನೆಗೆ ಡ್ರೈವರ್ ಕೈ ತಪ್ಪುತ್ತಿತ್ತು.

ಪ್ರಸನ್ನ ನೀರು ತಂದ. ಅವನ ಹೆಂಡತಿ ಬಂದಳು, ಮಗಳು ಅನಿಕಾ ಬಂದಳು, ಬೇಲಿಯಾಚೆಯಿಂದ ಇನ್ನಿಬ್ಬರು ಇಂಜಿನಿಯರುಗಳು ಬಂದರು. ಇದು ಹ್ಯಾಂಕನ ಹೊಲ. ಕೊಟ್ಟಿಗೆ ಇದ್ದದ್ದು ಈ ಹಿತ್ತಲಿನ ಆಚೆಗೆ, ಈಗ ಮಳೆನೀರಿನ ಕೊಳ ಮಾಡಿರುವ ಕಡೆ. ರಸ್ತೆಗಳ ಹೆಸರೆಲ್ಲ ಬದಲಾಗಿ ನನಗೆ ಗುರುತೇ ಸಿಕ್ಕಿರಲಿಲ್ಲ. ಗುಳಿಯೊಳಗೆ ಬೆರಳಿಟ್ಟೆ. ಮಧ್ಯದ ಗೀರು ಸೊಟ್ಟ.

ಪ್ರಸನ್ನನಿಗೆ ನನ್ನ ಕಥೆ ಗೊತ್ತಿತ್ತು, ಯಾರಿಗೆ ಗೊತ್ತಿಲ್ಲ. "ಅಂಕಲ್, ಇದು ನೀವು ಹೇಳ್ತಿದ್ರಲ್ಲ, ಆ ಟ್ರಕ್ಕಿಂದಾ? ಎಷ್ಟು ನೀಟಾಗಿ ಕಟ್ ಮಾಡಿದೀರಿ. ಗುರುತು ಯಾಕೆ ಗುಂಡಿ ಒಳಗಿದೆ?"

ಹುಲ್ಲಿನ ಮೇಲೆ ಕೂತೇ ಹೇಳಿದೆ. ಈ ಸಲ ಸರಿಯಾದ ಕ್ರಮದಲ್ಲಿ, ಮೊದಲು ತಪ್ಪಿದ್ದು, ಆಮೇಲೆ ತೋಡಿದ್ದು, ಆಮೇಲೆ ಮೈಕಿನ ಮುಂದೆ ಸುಮ್ಮನಿದ್ದದ್ದು. ದೊಡ್ಡವರಲ್ಲಿ ಒಬ್ಬರು ಚಳಿಯ ವಿಷಯ ಎತ್ತಲು ಹೊರಟರು. ಅನಿಕಾ ಬಿಡಲಿಲ್ಲ.

"ಸೋ ಇಟ್ ವಾಸ್ ಯೂ? ನಾಟ್ ಹಿಮ್?"

"ಹೂಂ ಕಣಮ್ಮ. ನಾನೇ."

ಮನೆಗೆ ಬಂದು ಭಾವನಿಗೆ ಫೋನ್ ಮಾಡಿದೆ. ಅವರು ಈಗ ಶಿಕಾಗೋ ಹತ್ತಿರದ ಲಿಸ್ಲ್‌ನಲ್ಲಿ ಮಗನ ಮನೆಯಲ್ಲಿದ್ದಾರೆ, ಕಿವಿ ಮಂದ, ತಲೆ ಚುರುಕು. ಎಲ್ಲ ಜೋರಾಗಿ ಹೇಳಬೇಕಾಯಿತು, ಅಂಥ ಮಾತನ್ನು ಕಿರುಚಿ ಹೇಳುವುದು ಒಂದು ಶಿಕ್ಷೆಯೇ. ಭಾವ ಪೂರ್ತಿ ಕೇಳಿಸಿಕೊಂಡರು.

"ಗೊತ್ತಿತ್ತು ಕಣಯ್ಯ. ಚಕ್ರ ನಾಲ್ಕೂ ಬಲಕ್ಕೆ ತಿರುಗಿದ್ವು, ಗಾಡಿ ಎಡಕ್ಕೆ ಹೋಗ್ತಿತ್ತು. ಅದು ಡ್ರೈವರ್ ತಪ್ಪು ಹೆಂಗಾಗತ್ತೆ? ನಾನೂ ಇಂಜಿನಿಯರೇ ಅಲ್ವಾ."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ ಭಾವ?"

"ನೀನೇ ಹೇಳ್ತೀಯ ಅಂತ ಕಾದೆ," ಎಂದರು. ಆಮೇಲೆ ಊಟ ಆಯಿತಾ ಎಂದು ಕೇಳಿದರು.

ಟೈರನ್ನು ಕೊಯ್ಯಲಿಲ್ಲ. ಪ್ರಸನ್ನ ಯಾರದೋ ಟ್ರೇಲರ್ ತಂದ. ಐದು ಜನ ಸೇರಿ ಕ್ಯಾಂಟನ್‌ನ ನನ್ನ ಹಿತ್ತಲಿಗೆ ಉರುಳಿಸಿದೆವು. ಬಾಣದ ಮೊನೆ ಮುಂದಕ್ಕಿರುವ ಹಾಗೇ ಉರುಳಿಸಿ ಎಂದು ಹೇಳಿ ಎಲ್ಲರಿಂದಲೂ ಬೈಸಿಕೊಂಡೆ. ನಮ್ಮ ಅಸೋಸಿಯೇಷನ್ನಿನ ಪತ್ರ ಇನ್ನೂ ಬಂದಿಲ್ಲ, ಬಂದೇ ಬರುತ್ತದೆ. ಒಳಗೆ ಮಣ್ಣು ತುಂಬಿ ಸರೋಜ ಹರಿವೆ ಹಾಕಿದ್ದಾಳೆ, ಸುಮಾರಾಗಿ ಬಂದಿದೆ. ನಂಬರ್ ಮುಖ ಮೇಲೆ ಮಾಡಿಯೇ ಮಲಗಿಸಿದ್ದೇನೆ. ಬಂದವರಿಗೆ ತಪ್ಪಾಗಿ ಕೊಯ್ದ ಬದಿಯೇ ಮೊದಲು ಕಾಣುತ್ತದೆ, ಗುಳಿಯೂ ಗೀರೂ ಕಾಣುತ್ತವೆ. ಕಾಫಿ ಹಿಡಿದು ಅದೇನು ಎಂದು ಕೇಳುತ್ತಾರೆ. ಕಥೆ ಮೊದಲಿನಷ್ಟೇ ಉದ್ದ ಇದೆ, ಚೆನ್ನಾಗಿಯೂ ಇದೆ. ಶುರು ಮಾತ್ರ ಬದಲಾಗಿದೆ. ಅವತ್ತು ಡ್ರೈವರ್ ಕೈ ತಪ್ಪಿರಲಿಲ್ಲ ಎಂದು ಶುರುಮಾಡುತ್ತೇನೆ.